ಬ್ಯಾಟರಿ ರೂಮು

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ಕರೆಂಟಿನ ಕಥೆಯನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಗಾಳಿ ಬೀಸಿತು, ತೋಟದ ಸಿಲ್ವರ್ ಮರ ಲೈನ್ ಮೇಲೆ ಬಿತ್ತು, ಕತ್ತಲೆ. ಯುಪಿಎಸ್ ಕೂಗಲು ಶುರು. ಅದರ ಬ್ಯಾಟರಿಗೆ ನೀರು ಹಾಕಿ ಎಷ್ಟು ತಿಂಗಳಾಯಿತು ಅಂತ ಆಗಲೇ ನೆನಪಾಗುವುದು, ಅಲ್ವಾ?

ನಾನು ಜಲವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಮಾಡಿ ನಿವೃತ್ತನಾದವನು. ಈಗ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಅಲ್ಲಿ ಬೆಂಕಿ ಬಿದ್ದ ಕಥೆ ಹೇಳಿದರೆ, ನೀರಿನಿಂದ ಕರೆಂಟ್ ಮಾಡುವ ಜಾಗದಲ್ಲಿ ಬೆಂಕಿ ಎಲ್ಲಿಂದ ಬಂತು ಅಂತ ನೆಂಟರು ಕೇಳುತ್ತಾರೆ. ನೀರು ಟರ್ಬೈನ್ ತಿರುಗಿಸಿ ಹೊಳೆಗೆ ಹೋಗಿಬಿಡುತ್ತದೆ. ಉಳಿಯುವುದು ಟ್ರಾನ್ಸ್‌ಫಾರ್ಮರ್ ತುಂಬ ಎಣ್ಣೆ, ಬೇರಿಂಗಿನಲ್ಲಿ ಎಣ್ಣೆ, ಗೋಡೆ ನೆಲದುದ್ದಕ್ಕೂ ಕೇಬಲ್. ಬೆಂಕಿಗೆ ಇನ್ನೇನು ಬೇಕು?

ನಮ್ಮ ಶರಾವತಿಯನ್ನೇ ನೋಡಿ. ಹತ್ತು ಯಂತ್ರ, 1035 ಮೆಗಾವಾಟ್. 2016ರ ಫೆಬ್ರವರಿಯಲ್ಲಿ ಕೇಬಲ್‌ಗಳಿಗೆ ಬೆಂಕಿ ಬಿದ್ದು ಇಡೀ ಕೇಂದ್ರವೇ ನಿಂತಿತು. ತೆಲಂಗಾಣದ ಶ್ರೀಶೈಲ ಎಡದಂಡೆ ಕೇಂದ್ರದ್ದು ಇನ್ನೂ ಘೋರ. ಅದು ನೆಲದೊಳಗಿನ ಪವರ್ ಹೌಸ್. 2020ರ ಆಗಸ್ಟ್ 20ರ ರಾತ್ರಿ ಬೆಂಕಿ ಹತ್ತಿತು, ಸುರಂಗದ ತುಂಬ ಹೊಗೆ. ಒಂಬತ್ತು ಜನ ಹೊರಗೆ ಬರಲೇ ಇಲ್ಲ. ಅವರಲ್ಲಿ ಇಬ್ಬರು ಬ್ಯಾಟರಿ ಕಂಪನಿಯ ಕೆಲಸಗಾರರು.

ಪವರ್ ಹೌಸಿಗೆ ಬ್ಯಾಟರಿ ಯಾಕೆ ಅಂತೀರಾ? ಲೈನಿನಲ್ಲಿ ದೋಷವಾದರೆ ರಿಲೇ ಎಂಬ ಕಾವಲು ಸಾಧನ ಅದನ್ನು ಕಂಡುಹಿಡಿಯುತ್ತದೆ, ಬ್ರೇಕರ್ ಎಂಬ ದೊಡ್ಡ ಸ್ವಿಚ್ಚನ್ನು ಬಿಡಿಸಿ ಕರೆಂಟ್ ಕಡಿಯುತ್ತದೆ. ನಾವು ಟ್ರಿಪ್ ಅನ್ನುವುದು ಇದಕ್ಕೇ. ಆ ಬ್ರೇಕರ್ ಬಿಡಿಸುವ ಕಾಯಿಲ್‌ಗೆ ಕರೆಂಟ್ ಬರುವುದು ಬ್ಯಾಟರಿಯಿಂದ. ನಮ್ಮಲ್ಲಿ ಎರಡೆರಡು ವೋಲ್ಟಿನ 55 ಸೆಲ್, ಒಟ್ಟು 110 ವೋಲ್ಟ್. ಬ್ಯಾಟರಿ ಕೈಕೊಟ್ಟರೆ ದೋಷ ಕಣ್ಣೆದುರೇ ಇದ್ದರೂ ಬ್ರೇಕರ್ ಸುಮ್ನೆ ಕೂತಿರುತ್ತದೆ. ಯಂತ್ರ ಬೆಂಕಿಗೆ ಕರೆಂಟ್ ಉಣಿಸುತ್ತಲೇ ಇರುತ್ತದೆ.

ಇದರಲ್ಲೊಂದು ಮೋಸವಿದೆ. ಮಾಮೂಲು ದಿನ ಪ್ಯಾನೆಲ್ ದೀಪಗಳನ್ನು ಉರಿಸುವುದು ಕೇಂದ್ರದ ಕರೆಂಟಿನಿಂದಲೇ ನಡೆಯುವ ಚಾರ್ಜರ್. ಒಳಗೆ ಸೆಲ್ ಸತ್ತಿದ್ದರೂ ಮೀಟರ್ 110 ಅಂತಲೇ ತೋರಿಸುತ್ತದೆ. ದೋಷ ಬಂದ ಕೂಡಲೇ ಕೇಂದ್ರದ ವೋಲ್ಟೇಜ್ ಕುಸಿಯುತ್ತದೆ, ಚಾರ್ಜರ್ ಸುಸ್ತಾಗುತ್ತದೆ. ಬ್ಯಾಟರಿ ಬೇಕಾಗುವುದು ಆ ಒಂದು ಗಳಿಗೆಗೆ ಮಾತ್ರ.

ಆ ಗಳಿಗೆಯನ್ನು ನಾನು ನೋಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು, ಒಂದು ಸಣ್ಣ ಪವರ್ ಹೌಸು. ಜುಲೈ ತಿಂಗಳು, ರಾತ್ರಿ ಪಾಳಿ. ಹೊರಗೆ ಮಳೆಯ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಎಲ್ಲೋ ಮರ ಬಿದ್ದಿರಬೇಕು. ಜನರೇಟರ್ ಒಮ್ಮೆ ಗುರ್ ಎಂದಿತು. ದೀಪಗಳು ಮಂಕಾದವು, ಕೆಂಪು ದಾರದಷ್ಟು. ನಾನು ಟ್ರಿಪ್ ಸ್ವಿಚ್ ತಿರುಗಿಸಿದೆ. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದೆ.

"ಸಾರ್, ಬ್ರೇಕರ್ ಬಿಡ್ತಾ ಇಲ್ಲ!" ಎಂದು ಹೆಲ್ಪರ್ ಕೂಗಿದ. ಕೂಗಿದವನು ನಿಲ್ಲಲಿಲ್ಲ, ಓಡಿಹೋಗಿ ಬ್ರೇಕರ್ ಮೈಮೇಲಿನ ಗುಂಡಿಯನ್ನು ಅಂಗೈಯಿಂದ ಗುದ್ದಿದ. ಧಡ್ ಎಂದು ಬಿಟ್ಟುಕೊಂಡಿತು. ಅಷ್ಟರಲ್ಲಿ ಕೇಬಲ್ ಬಾಕ್ಸಿನಿಂದ ಹೊಗೆ ಬರುತ್ತಿತ್ತು, ಸುಟ್ಟ ರಬ್ಬರಿನ ವಾಸನೆ. ಇಬ್ಬರೂ ಸೇರಿ ಬೆಂಕಿ ಆರಿಸುವ ಗ್ಯಾಸ್ ಒಂದು ಸಿಲಿಂಡರ್ ಖಾಲಿ ಮಾಡಿದೆವು. ಬೆಂಕಿ ಆರಿತು. ಟಾರ್ಚ್ ಹಿಡಿದಿದ್ದ ನನ್ನ ಕೈ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ.

ಬೆಳಿಗ್ಗೆ ಬ್ಯಾಟರಿ ರೂಮಿನ ಬಾಗಿಲು ತೆಗೆದೆವು. ಆಸಿಡ್ ಘಾಟಿಗೆ ಅಲ್ಲಿ ಯಾರೂ ಜಾಸ್ತಿ ಹೊತ್ತು ನಿಲ್ಲುತ್ತಿರಲಿಲ್ಲ. ಮೂರು ಸೆಲ್‌ಗಳಲ್ಲಿ ನೀರು ಪ್ಲೇಟಿಗಿಂತ ಕೆಳಗಿತ್ತು. ಟರ್ಮಿನಲ್ ಮೇಲೆ ಹಸಿರು ಬೂಷ್ಟು, ನಮ್ಮ ಮನೆಯ ಚಪ್ಪಲಿಗೆ ಆಟಿ ತಿಂಗಳ ಮಳೆಯಲ್ಲಿ ಹಿಡಿಯುತ್ತದಲ್ಲ, ಹಾಗೆ.

ಆಮೇಲೆ ಲಾಗ್ ಬುಕ್ ತೆರೆದೆವು. ಸೆಲ್ಲಿನ ಆಸಿಡ್ ಎಷ್ಟು ಸಾಂದ್ರ ಎಂದು ಅಳೆಯುವ ಹೈಡ್ರೋಮೀಟರಿನ ರೀಡಿಂಗ್ ಎಲ್ಲ ಶಿಫ್ಟಿನಲ್ಲೂ 1200. ಎರಡು ತಿಂಗಳು ಹಿಂದಕ್ಕೆ ಹೋದರೂ 1200. ಮೇಲಿನ ಸಾಲು ನೋಡಿ ಕೆಳಗಿನ ಸಾಲು ಬರೆಯುವುದು. ಆ ಅಂಕಿಗಳಲ್ಲಿ ನನ್ನ ಅಕ್ಷರವೂ ಇತ್ತು, ಅದನ್ನು ಈಗ ಹೇಳಲು ಸಂಕೋಚವಿಲ್ಲ.

ಹೊಸ ಸೆಲ್‌ಗಳು ಬಂದವು. ಅಂದಿನಿಂದ ನಾನು ಮೂಗಿಗೆ ಟವೆಲ್ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದೆ, ಸೆಲ್ ಸೆಲ್‌ಗೂ ಹೈಡ್ರೋಮೀಟರ್ ಅದ್ದುತ್ತಿದ್ದೆ. ಪುಸ್ತಕದಲ್ಲಿ ಅಂಕಿಗಳು ಬದಲಾದವು. 1195, 1205, 1190, ಮತ್ತೆ 1205.

ನಮಸ್ಕಾರ.