ಹಳೇ ಸಿಸ್ಟಂ ಆನ್ ಆಗ್ತಿಲ್ಲ: ಮದರ್‌ಬೋರ್ಡ್ ಹೋಯ್ತಾ, ಎಸ್‌ಎಂಪಿಎಸ್ಸಾ?

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಿ ಅಲ್ವಾ? ಇವತ್ತು ದಾವಣಗೆರೆಯಲ್ಲಿದ್ದೇನೆ, ಚಿಕ್ಕಪ್ಪನ ಡಿಟಿಪಿ ಅಂಗಡಿಯಲ್ಲಿ. ಟೇಬಲ್ ಮೇಲೆ ಮಲಗಿದೆಯಲ್ಲ, ಅದೇ ಇವತ್ತಿನ ಕೆಲಸ. ಕೋರ್ 2 ಡ್ಯುಯೊ ಪ್ರೊಸೆಸರ್, ಜಿ31 ಮದರ್‌ಬೋರ್ಡ್, 2 ಜಿಬಿ ಡಿಡಿಆರ್2 ರ‍್ಯಾಮ್. ಬಟನ್ ಒತ್ತುತ್ತೇನೆ, ಫ್ಯಾನ್ ಕಡೆ ನೋಡಿ. ಅರ್ಧ ಸುತ್ತು ತಿರುಗಿ ನಿಂತಿತು. ಈಗ ತಾನಾಗಿಯೇ ಮತ್ತೆ ಹೊರಟಿತು, ಮತ್ತೆ ನಿಂತಿತು. ಬೀಪ್ ಇಲ್ಲ, ಡಿಸ್‌ಪ್ಲೇ ಇಲ್ಲ.

ಇದನ್ನು ಆಗಲೇ ಒಂದು ಕಡೆ ತೋರಿಸಿದ್ದಾರೆ. ಅವರು ಕ್ಯಾಬಿನೆಟ್ ಬಿಚ್ಚದೆಯೇ "ಮದರ್‌ಬೋರ್ಡ್ ಹೋಗಿದೆ ಸಾರ್, ಈ ಮಾಡೆಲ್ ಈಗ ಸಿಗಲ್ಲ" ಅಂದು ಹೊಸ ಸಿಸ್ಟಂಗೆ 24 ಸಾವಿರದ ಕೊಟೇಶನ್ ಬರೆದು ಕೊಟ್ಟಿದ್ದಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಎಸ್‌ಎಂಪಿಎಸ್‌ನಿಂದ, ಅಂದರೆ ಸಿಸ್ಟಂಗೆ ಕರೆಂಟ್ ಕೊಡುವ ಡಬ್ಬದಿಂದ, ಕರೆಂಟ್ ಸರಿಯಾಗಿ ಬರುತ್ತಿದೆಯಾ ಅಂತ ನೋಡದೆ ಬೋರ್ಡ್ ಸತ್ತಿದೆ ಅನ್ನುವುದು ಹೇಗೆ? ವೋಲ್ಟ್ ಅಳೆಯುವ ಮೀಟರ್ ಹಿಡಿದರೆ ಐದು ನಿಮಿಷದ ಕೆಲಸ.

ಧೂಳು ತೆಗೆಯುವುದನ್ನು ಫಾಸ್ಟ್ ಮಾಡಿ ಹಾಕಿದ್ದೇನೆ. ಅಷ್ಟರಲ್ಲಿ, ಈ ಹಳೇ ಡಬ್ಬಕ್ಕೆ ಯಾಕಿಷ್ಟು ಒದ್ದಾಟ ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ. ಚಿಕ್ಕಪ್ಪ ಮಾಡಿದ ಲಗ್ನಪತ್ರಿಕೆಗಳೆಲ್ಲ ಪೇಜ್‌ಮೇಕರ್ 7 ಅನ್ನುವ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಇವೆ. ಅದು 2001ರಲ್ಲಿ ಬಂದದ್ದು. ಆಮೇಲೆ ಅದರ ಕಂಪನಿ ಅಡೋಬಿ ತನ್ನ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್ ಕಡೆ ಹೋಯಿತು, ಪೇಜ್‌ಮೇಕರ್ ಅಲ್ಲೇ ನಿಂತಿತು. ಆದರೆ ನಮ್ಮೂರ ಡಿಟಿಪಿ ಅಂಗಡಿಗಳು ನಿಲ್ಲಲಿಲ್ಲ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯಲ್ಲಿ, ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ, ಕಣ್ಣು ಮುಚ್ಚಿ ಟೈಪ್ ಮಾಡುವ ಕೈಗಳಿವೆ ಇಲ್ಲಿ. ಈ ಫೈಲುಗಳಲ್ಲಿರುವುದು ಹಳೇ ನುಡಿ ಫಾಂಟ್, ಈಗ ಎಲ್ಲಾ ಕಡೆ ಬಳಸುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ "ಶ್ರೀ ಗಣೇಶಾಯ ನಮಃ" ಇರಬೇಕಾದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಸಾಲಾಗಿ ನಿಲ್ಲುತ್ತವೆ. ಹೊಸ ಸಿಸ್ಟಂ ತಂದಿಟ್ಟ ತಕ್ಷಣ ಎಲ್ಲಾ ಸರಿ ಹೋಗುವುದಿಲ್ಲ. ಮದುವೆ ಸೀಸನ್ ಬೇರೆ. ಸರಿ, ಧೂಳು ಮುಗಿಯಿತು, ಬನ್ನಿ.

ಮೊದಲು ಕ್ಯಾಬಿನೆಟ್ ಬಟನ್ ಮೇಲೆ ಅನುಮಾನ. ಪವರ್ ಸ್ವಿಚ್ ವೈರ್ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್‌ನಿಂದ ಮುಟ್ಟಿಸಿದೆ. ಅದೇ ಕಥೆ. ಬಟನ್ ತಪ್ಪಿಲ್ಲ. ಹಾರ್ಡ್‌ಡಿಸ್ಕ್, ಡಿವಿಡಿ ಡ್ರೈವ್, ಎಲ್ಲಾ ಕೇಬಲ್ ತೆಗೆದು ನೋಡಿದರೂ ಅದೇ. ಈಗ ಕ್ಲೋಸಪ್ ನೋಡಿ, ಪ್ರೊಸೆಸರ್ ಪಕ್ಕ ಸಾಲಾಗಿ ನಿಂತ ಕೆಪ್ಯಾಸಿಟರ್‌ಗಳು, ಅಂದರೆ ಕರೆಂಟ್ ಹಿಡಿದಿಟ್ಟು ಕೊಡುವ ಪುಟ್ಟ ಡಬ್ಬಿಗಳು. ತಲೆಯ ಮೇಲೆ ಗೀಟು ಹಾಕಿದ ಹಾಗಿದೆಯಲ್ಲ, ಅದು ಬೇಕೆಂದೇ ಕೊರೆದದ್ದು. ಕೆಟ್ಟಾಗ ಅಲ್ಲಿಂದ ಬಾಯಿ ಬಿಡಲಿ ಅಂತ. ಕೆಟ್ಟಿದ್ದರೆ ಪೂರಿಯ ಹಾಗೆ ಉಬ್ಬಿರುತ್ತದೆ, ಕಂದು ಬಣ್ಣದ ಕರೆ ಕಟ್ಟಿರುತ್ತದೆ. ಇಲ್ಲಿ ಎಲ್ಲದರ ತಲೆಯೂ ಚಪ್ಪಟೆ. ಆಗಲೇ ನನಗೆ ಬೋರ್ಡ್ ಮೇಲೆ ನಂಬಿಕೆ ಬಂತು.

ಇನ್ನು ಎಸ್‌ಎಂಪಿಎಸ್. ದೊಡ್ಡ 24 ಪಿನ್ ಕನೆಕ್ಟರ್ ಬೋರ್ಡಿನಿಂದ ಬಿಚ್ಚಿ, ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಒಂದು ಪಿನ್ ಕೊಟ್ಟರೆ ಅದು ಆನ್ ಆಗಬೇಕು. ಆಯಿತು, ಫ್ಯಾನ್ ತಿರುಗುತ್ತಿದೆ. ಇಷ್ಟಕ್ಕೇ ಎಸ್‌ಎಂಪಿಎಸ್ ಸರಿಯಿದೆ ಅನ್ನಬೇಡಿ. ಲೋಡ್, ಅಂದರೆ ಕರೆಂಟ್ ಎಳೆಯುವ ಭಾಗಗಳು, ಇಲ್ಲದಿದ್ದಾಗ ಕೆಟ್ಟದ್ದೂ ಓಡಬಹುದು. ಹಾಗಾಗಿ ಹಳೇ ಡಿವಿಡಿ ಡ್ರೈವ್, ಒಂದು ಕೆಲಸಕ್ಕೆ ಬಾರದ ಹಾರ್ಡ್‌ಡಿಸ್ಕ್ ಎರಡನ್ನೂ ಅದಕ್ಕೆ ಸಿಕ್ಕಿಸಿದ್ದೇನೆ. ಈಗ ಹಳದಿ ವೈರಿಗೆ ಮೀಟರ್. 12 ವೋಲ್ಟ್ ಇರಬೇಕು, ಶೇಕಡಾ 5 ಹೆಚ್ಚುಕಡಿಮೆ ನಡೆಯುತ್ತದೆ, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಇಲ್ಲಿ 10.7. ನೋಡ್ತಾ ಇರಿ... 10.5. ಇಳಿಯುತ್ತಲೇ ಇದೆ. ಬೂದು ವೈರಿನಲ್ಲಿ 5 ವೋಲ್ಟ್ ಬರಬೇಕು, ಅದೂ ಇಲ್ಲ. "ನಾನು ಸರಿಯಿದ್ದೇನೆ, ನೀನು ಶುರು ಮಾಡು" ಅಂತ ಮದರ್‌ಬೋರ್ಡಿಗೆ ಹೇಳುವ ವೈರ್ ಅದು. ಅದು ಹೇಳದೆ ಪ್ರೊಸೆಸರ್ ಏಳುವುದಿಲ್ಲ.

ಎಸ್‌ಎಂಪಿಎಸ್ ಬಿಚ್ಚಿ ರಿಪೇರಿ ಮಾಡಿ ತೋರಿಸಿ ಅಂತ ಕಮೆಂಟ್ ಬರುತ್ತದೆ, ಗೊತ್ತು. ಬಿಚ್ಚುವುದಿಲ್ಲ. 230 ವೋಲ್ಟ್ ಎಸಿ ಒಳಗೆ ಹೋಗಿ ಡಿಸಿ ಆದಾಗ 325ರ ಹತ್ತಿರ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್ ಅದನ್ನು ಹಿಡಿದುಕೊಂಡಿರಬಹುದು. ದಯವಿಟ್ಟು ನೀವೂ ಕೈ ಹಾಕಬೇಡಿ.

ಈಗ ಚಿಕ್ಕಪ್ಪನ ಬಿಲ್ಲಿಂಗ್ ಸಿಸ್ಟಂನ ಎಸ್‌ಎಂಪಿಎಸ್ ತಂದು ಜೋಡಿಸಿದ್ದೇನೆ. ಬೇಕೆಂದೇ ರ‍್ಯಾಮ್ ತೆಗೆದಿಟ್ಟಿದ್ದೇನೆ. ಬೋರ್ಡ್ ಬದುಕಿದ್ದರೆ ರ‍್ಯಾಮ್ ಎಲ್ಲಿ ಅಂತ ಕೂಗಲೇಬೇಕು. ಒತ್ತುತ್ತೇನೆ... ಕೇಳಿಸಿತಾ? ಆ ಉದ್ದ ಬೀಪ್! "ಏ, ಐತಲ್ಲೋ ಜೀವ!" ಅಂದಿದ್ದು ಚಿಕ್ಕಪ್ಪ. ಸತ್ತಿದೆ ಅಂದ ಬೋರ್ಡ್ ಇದು.

ಹೊಸ ಎಸ್‌ಎಂಪಿಎಸ್ ತರೋಣ ಅಂತ ಹೋದೆವು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲು ಕೊಟ್ಟದ್ದು 650 ರೂಪಾಯಿಯದು. ಡಬ್ಬಿಯ ಮೇಲೆ ಅಂಗೈಯಷ್ಟು ದೊಡ್ಡದಾಗಿ 450 ವ್ಯಾಟ್. ಸೈಡಿನ ಸ್ಟಿಕರ್ ಓದಿದರೆ 12 ವೋಲ್ಟಿಗೆ 14 ಆಂಪ್. ಗುಣಿಸಿ ನೋಡಿ, 168 ವ್ಯಾಟ್. ಪ್ರೊಸೆಸರ್, ಫ್ಯಾನ್, ಹಾರ್ಡ್‌ಡಿಸ್ಕಿನ ಮೋಟಾರ್ ಓಡುವುದು ಈ 12 ವೋಲ್ಟಿನ ಮೇಲೇ. ಮತ್ತೆ 450 ಎಲ್ಲಿಂದ ಬಂತು? ಕೇಳಿದರೆ "ಎಲ್ಲರೂ ಇದನ್ನೇ ಒಯ್ಯೋದು ಸಾರ್" ಅಂದರು. ಎಲ್ಲರೂ ಒಯ್ದರೆ ಲೆಕ್ಕ ಬದಲಾಗುತ್ತಾ? ಜನ ದುಡ್ಡು ಕೊಡುವುದು ಆ ದೊಡ್ಡ ಅಕ್ಷರ ನೋಡಿ. ಇದು ಸರಿಯಲ್ಲ. ಇನ್ನೊಂದು, 80 ಪ್ಲಸ್ ಗುರುತು, ಅಂದರೆ ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ಗುರುತು ಇದ್ದದ್ದು, 2,150 ರೂಪಾಯಿ. ಅದೂ 450 ವ್ಯಾಟೇ, ಆದರೆ ಇದರಲ್ಲಿ 12 ವೋಲ್ಟಿಗೇ 36 ಆಂಪ್, 432 ವ್ಯಾಟ್. ಕೈಯಲ್ಲಿ ಹಿಡಿದರೆ ಭಾರವೂ ಇದೆ. ಭಾರ ನೋಡಿ ತಗೊಳ್ಳಿ ಅಂತ ಹೇಳುವವನಿದ್ದೆ. ಬೇಡ, ಸ್ಟಿಕರ್ ಓದಿ. ಭಾರ ಯಾವುದರಿಂದಲಾದರೂ ಬರಬಹುದು.

ನಿಜ ಹೇಳಬೇಕೆಂದರೆ, 65 ವ್ಯಾಟಿನ ಈ ಪ್ರೊಸೆಸರ್‌ಗೆ 168 ವ್ಯಾಟ್ ಸಾಕಾಗುತ್ತಿತ್ತು. ಅದು ಬಹಳ ದಿನ ಬಾಳುತ್ತದೆ ಅನ್ನುವ ನಂಬಿಕೆ ನನಗಿಲ್ಲ, ಅಷ್ಟೇ. ಚಿಕ್ಕಪ್ಪ "ಅಷ್ಟು ಯಾಕೋ" ಅಂತ ಎರಡು ಸಲ ಕೇಳಿದರು, ಕೊನೆಗೆ ದುಬಾರಿಯದನ್ನೇ ತಗೊಂಡರು.

ಜೋಡಣೆ ನೀವೇ ನೋಡುತ್ತಿದ್ದೀರಿ. ಒಂದೇ ಮಾತು: ಪ್ರೊಸೆಸರ್ ಹತ್ತಿರದ ಚಿಕ್ಕ 4 ಪಿನ್ ಕನೆಕ್ಟರ್ ಮರೆಯಬೇಡಿ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಿಂದ ಉಜ್ಜಿದ್ದೇನೆ, ಕಪ್ಪೆಲ್ಲ ರಬ್ಬರ್‌ಗೆ ಬಂತು, ನೋಡಿ.

ಬಂತು ಡಿಸ್‌ಪ್ಲೇ! ತಾರೀಖು 2009, ಜನವರಿ 1 ಅಂತ ತೋರಿಸುತ್ತಿದೆ. ಅದಕ್ಕೆ ಕಾರಣ ಸಿಸ್ಟಂ ಆಫ್ ಇದ್ದಾಗಲೂ ತಾರೀಖು, ಟೈಮ್ ಉಳಿಸುವ ಸಿಮಾಸ್ ಬ್ಯಾಟರಿ, ಸಿಆರ್2032, ಮೀಟರ್‌ನಲ್ಲಿ 3 ವೋಲ್ಟ್ ಇರಬೇಕಾದದ್ದು 2.1 ಇದೆ. ಬದಲಾಯಿಸಿ, ಟೈಮ್ ಸರಿ ಮಾಡಿ, ಸೇವ್. ವಿಂಡೋಸ್ ಎಕ್ಸ್‌ಪಿ ಬಂತು. ಇದಕ್ಕೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಸುರಕ್ಷತೆಯ ಅಪ್‌ಡೇಟ್ ನಿಲ್ಲಿಸಿದೆ. ಇಂಥದ್ದನ್ನು ತೆಗೆದೇ ಹಾಕಬೇಕು ಅಂತ ಬೆಳಿಗ್ಗೆ ಅನಿಸಿತ್ತು. ಈಗ ಇಂಟರ್‌ನೆಟ್ ಕೇಬಲ್ ಮಾತ್ರ ಕಿತ್ತಿದ್ದೇನೆ. ಪತ್ರಿಕೆ ಮಾಡಿಕೊಂಡು ಇರಲಿ.

ಮೊದಲ ಕೆಲಸವಾಗಿ ಫೈಲುಗಳ ಜೊತೆ ಫಾಂಟ್ಸ್ ಫೋಲ್ಡರನ್ನೂ ಹೊರಗಿನ ಡ್ರೈವ್‌ಗೆ ಕಾಪಿ ಹಾಕಿದ್ದೇನೆ. ಫೈಲ್ ಇದ್ದು ಫಾಂಟ್ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ. ಹಳೇ ಪೇಜ್‌ಮೇಕರ್ ಫೈಲುಗಳನ್ನು ಯೂನಿಕೋಡ್‌ಗೆ ತಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದವಾ ಅಂತ ಕಮೆಂಟ್‌ನಲ್ಲಿ ಬರೆಯಿರಿ. ಅದನ್ನು ಓದಿಕೊಂಡೇ ಮುಂದಿನ ವಿಡಿಯೊ ಮಾಡುತ್ತೇನೆ. ಪ್ರಿಂಟರ್ ಆನ್ ಮಾಡು ಅಂತ ಚಿಕ್ಕಪ್ಪ ಕರೆಯುತ್ತಿದ್ದಾರೆ, ಗಿರಾಕಿ ಬಂದಿದ್ದಾರೆ, ಹೋಗ್ತೀನಿ.