ತಂಪು ಮೊದಲು ಯಾರ ಮನೆಗೆ?

ಕೇಳುಗರೇ, ನಮಸ್ಕಾರ.

ಬೇಸಿಗೆಯಲ್ಲಿ ತಗಡಿನ ಸೂರಿನ ಮನೆಯೊಳಗೆ ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೆ ಕೈಗೆ ಇನ್ನೂ ಬಿಸಿ ತಾಗುತ್ತದೆ. ಹಗಲೆಲ್ಲ ಹೀರಿದ ಕಾವನ್ನು ಗೋಡೆ ಈಗ ಒಳಗೆ ಬಿಡುತ್ತಿರುತ್ತದೆ. ಫ್ಯಾನ್ ಹಾಕಿದರೂ ಅದೇ ಬಿಸಿಗಾಳಿ. ಹಗಲು ಬಳಲಿದ ಮೈ ಚೇತರಿಸಿಕೊಳ್ಳುವುದು ರಾತ್ರಿ. ರಾತ್ರಿಯೂ ತಣಿಯದಿದ್ದರೆ ಹೃದಯಕ್ಕೆ, ಕಿಡ್ನಿಗೆ ಬಿಡುವೇ ಇಲ್ಲ.

1995ರ ಜುಲೈನಲ್ಲಿ ಶಿಕಾಗೋ ನಗರದಲ್ಲಿ ಕೆಲವೇ ದಿನಗಳ ಸೆಕೆಗೆ 700ಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಮಂದಿ ಒಂಟಿಯಾಗಿದ್ದ ವಯಸ್ಸಾದವರು. ಕಳ್ಳರ ಭಯಕ್ಕೆ ಕಿಟಕಿಯನ್ನೂ ತೆರೆಯದವರಿದ್ದರು. 2003ರಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 15,000 ಜೀವ ಹೋಯಿತು. ಅಲ್ಲೂ ಹೆಚ್ಚಿನವರು ಮುದುಕರೇ. ಯಾರಾದರೂ ಬಾಗಿಲು ತಟ್ಟಿ ವಿಚಾರಿಸಿದ್ದರೆ ಇವರಲ್ಲಿ ಎಷ್ಟೋ ಜನ ಉಳಿಯುತ್ತಿದ್ದರು ಅಂತಲೇ ನನ್ನ ನಂಬಿಕೆ.

ಏಸಿ ಹಾಕಿಸಿಕೊಂಡರಾಯ್ತು ಅನ್ನುತ್ತೀರಾ? ಕಾಯಿಲೆಯವರಿಗೆ, ಹಸುಗೂಸುಗಳಿಗೆ ಅದು ಬೇಕೇ ಬೇಕು. ಆದರೆ ಏಸಿ ಕೋಣೆಯ ಬಿಸಿಯನ್ನು ಬೀದಿಗೆ ತಳ್ಳುತ್ತದೆ. ತಾನು ಉರಿಸಿದ ಕರೆಂಟಿನ ಬಿಸಿಯನ್ನೂ ಅದಕ್ಕೆ ಸೇರಿಸುತ್ತದೆ. ಏಸಿ ಕೊಳ್ಳಲಾಗದವರ ಓಣಿ ಇನ್ನಷ್ಟು ಕಾಯುತ್ತದೆ. ಇದು ಅನ್ಯಾಯ, ಬೇರೆ ಮಾತಿಲ್ಲ.

ನೆರಳೂ ಸಮನಾಗಿ ಹಂಚಿಕೆಯಾಗಿಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಕಪ್ಪು ಜನ ವಾಸಿಸುವ ಕೇರಿಗಳಿಗೆ ಸರ್ಕಾರದ ನಕ್ಷೆಯಲ್ಲಿ ಕೆಂಪು ಬಳಿದರು. ಅಲ್ಲಿನವರಿಗೆ ಮನೆಸಾಲ ಸಿಗದಂತಾಯಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 108 ನಗರಗಳನ್ನು ನೋಡಿತು. ಆ ಕೇರಿಗಳ ನೆಲ ಉಳಿದ ಕಡೆಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿ. ಮರ ಕಡಿಮೆ, ಡಾಂಬರು ಕಾಂಕ್ರೀಟು ಜಾಸ್ತಿ.

ಹಾಗಾಗಿ ಎಲ್ಲಿಂದ ಶುರು ಮಾಡುತ್ತೇವೆ ಅನ್ನುವುದೇ ಮುಖ್ಯ. ಮೊದಲ ಸಸಿ ಮರವೇ ಇಲ್ಲದ ಬೀದಿಗೆ ಹೋಗಲಿ. ಮೊದಲ ಡಬ್ಬಿ ಬಿಳಿ ಬಣ್ಣ ತಗಡಿನ ಸೂರಿಗೆ ಹೋಗಲಿ. ಬಿಳಿ ಸೂರು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಖರ್ಚೂ ಕಡಿಮೆ. 2010ರ ಬಿಸಿಲಿನಲ್ಲಿ ಬಹಳ ಸಾವು ಕಂಡ ಅಹಮದಾಬಾದ್ 2013ರಲ್ಲಿ ತನ್ನದೇ ಯೋಜನೆ ಮಾಡಿತು: ಮುಂಚೆಯೇ ಎಚ್ಚರಿಕೆ, ಆಸ್ಪತ್ರೆಗಳ ತಯಾರಿ. ಆಮೇಲೆ ಬಡವರ ಸೂರುಗಳಿಗೆ ಬಿಳಿ ಬಣ್ಣವೂ ಬಂತು.

ಬಿಸಿಲಲ್ಲಿ ದುಡಿಯುವವರಿಗೆ ನಡುಹಗಲು ಬಿಡುವು ಕೊಡಿ. ಆದರೆ ಕೂಲಿ ಕಡಿಯಬೇಡಿ. ಕೂಲಿ ಹೋಗುತ್ತದೆ ಅಂದರೆ ಯಾರು ತಾನೇ ನೆರಳಿಗೆ ಬರುತ್ತಾರೆ?

ಇನ್ನೊಂದು ಮಾತು. ಬೀದಿ ಹಸಿರಾಗಿ ತಂಪಾದರೆ ಬಾಡಿಗೆ ಏರುತ್ತದೆ. ಸೆಕೆ ತಿಂದವರೇ ಮನೆ ಖಾಲಿ ಮಾಡಬೇಕಾಗುತ್ತದೆ. ಅದಕ್ಕೇ ಸಸಿ ನೆಡುವ ಹೊತ್ತಿಗೇ ಬಾಡಿಗೆ ಏರಿಕೆಗೂ ಮಿತಿ ಹಾಕಿ ಅಂತ ನಗರಸಭೆಗಳನ್ನು ನಾವು ಕೇಳಬೇಕು.

ನಮಸ್ಕಾರ.