ಹೊಟ್ಟೆ ಕೂಗದ ವಯಸ್ಸು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನ ಉಂಗುರದಿಂದ ಶುರು ಮಾಡ್ತೀನಿ. ಒಂದು ದಿನ ಕೈ ತೊಳೆಯುವಾಗ ಅದು ಜಾರಿ ಬಚ್ಚಲಿಗೆ ಬಿತ್ತು. ಮೊದಲೆಲ್ಲ ಸೋಪು ಹಚ್ಚಿದರೂ ಬರದೆ ಬೆರಳಿಗೆ ಕಚ್ಚಿಕೊಂಡಿದ್ದ ಉಂಗುರ ಅದು. ಅದಕ್ಕೂ ಮುಂಚೆ ಆರು ತಿಂಗಳಿಂದ ಅಪ್ಪ ನಾಲ್ಕು ತುತ್ತು ತಿಂದು "ಸಾಕು, ಹಸಿವಿಲ್ಲ" ಅಂತ ತಟ್ಟೆ ಸರಿಸುತ್ತಿದ್ದರು. ನಾವು ಅದನ್ನು ಹಟ ಅಂದುಕೊಂಡೆವು. ವಯಸ್ಸಾಯ್ತು, ಇಷ್ಟೇ ಸಾಕಾಗುತ್ತೆ ಅಂತಲೂ ಅಂದುಕೊಂಡೆವು. ಎರಡೂ ತಪ್ಪು.

ಅಪ್ಪ ನಿಜವನ್ನೇ ಹೇಳುತ್ತಿದ್ದರು. ಹೊಟ್ಟೆ ಖಾಲಿಯಾದಾಗ ಅಲ್ಲಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಟು ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ಗೆ "ಊಟ ಬೇಕು" ಎಂದು ಹೇಳುತ್ತದೆ. ಇದನ್ನು ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು 1999ರಲ್ಲಿ. ಊಟ ಕರುಳಿಗೆ ಇಳಿದ ಮೇಲೆ ಕೊಲೆಸಿಸ್ಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು "ಸಾಕು" ಎನ್ನುತ್ತದೆ. ವಯಸ್ಸಾದವರಲ್ಲಿ ಈ "ಸಾಕು" ಜೋರಾಗಿರುತ್ತದೆ. ಹೊಟ್ಟೆಯ ಮೇಲ್ಭಾಗ ಮೊದಲಿನಷ್ಟು ಹಿಗ್ಗುವುದಿಲ್ಲ, ಖಾಲಿಯಾಗುವುದೂ ನಿಧಾನ. ಮೂಗಿನ ಚುರುಕೂ ಕಡಿಮೆಯಾಗಿ ರುಚಿಯೇ ಸಪ್ಪೆಯಾಗುತ್ತದೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ 1994ರಲ್ಲಿ ಅಮೆರಿಕದ ಸುಸಾನ್ ರಾಬರ್ಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಆರೋಗ್ಯವಾಗಿದ್ದ ಯುವಕರಿಗೂ ವಯಸ್ಸಾದ ಗಂಡಸರಿಗೂ ಮೂರು ವಾರ ಬೇಕಾದ್ದಕ್ಕಿಂತ ಕಡಿಮೆ ಊಟ ಕೊಟ್ಟರು. ಆಮೇಲೆ ಇಷ್ಟ ಬಂದಷ್ಟು ತಿನ್ನಿ ಎಂದರು. ಯುವಕರು ಜಾಸ್ತಿ ತಿಂದು ಕಳೆದುಕೊಂಡ ತೂಕ ಪಡೆದುಕೊಂಡರು. ವಯಸ್ಸಾದವರಿಗೆ ಜಾಸ್ತಿ ತಿನ್ನಬೇಕು ಎಂದೇ ಅನಿಸಲಿಲ್ಲ. ಯೋಚನೆ ಮಾಡಿ. ಒಂದು ವಾರದ ಜ್ವರದಲ್ಲಿ ಹೋದ ತೂಕ ಸುಮ್ನೆ ಬಿಟ್ಟರೆ ತಾನಾಗೇ ವಾಪಸ್ ಬರಲಿಕ್ಕಿಲ್ಲ ಅಂತಾಯಿತಲ್ವಾ? ಹಾಗೆ ಹೋಗುವಾಗ ಬರೀ ಕೊಬ್ಬು ಹೋಗುವುದಿಲ್ಲ, ಸ್ನಾಯುವೂ ಹೋಗುತ್ತದೆ. ಎದ್ದು ನಿಲ್ಲುವ ಬಲ ಇರುವುದು ಅದರಲ್ಲೇ.

ಹಾಗಾಗಿ ಹಸಿವಿಗೆ ಕಾಯಬೇಡಿ, ಗಡಿಯಾರ ನೋಡಿ. ಸ್ವಲ್ಪ ಸ್ವಲ್ಪ, ಐದಾರು ಸಲ ಕೊಡಿ. ಊಟಕ್ಕೆ ಮುಂಚೆ ನೀರು ತುಂಬಿಸಬೇಡಿ. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ತಿಂಗಳಿಗೊಮ್ಮೆ ತೂಕ ನೋಡಿ. ಅರವತ್ತು ಕಿಲೋ ಇದ್ದವರು ಆರು ತಿಂಗಳಲ್ಲಿ ಮೂರು ಕಿಲೋ ಇಳಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಸಡಿಲವಾದ ಹಲ್ಲುಸೆಟ್ಟು, ಮಲಬದ್ಧತೆ, ಮನಸ್ಸಿನ ಖಿನ್ನತೆ, ಥೈರಾಯ್ಡ್, ಯಾವುದೂ ಕಾರಣವಾಗಿರಬಹುದು. ಮಾತ್ರೆಗಳ ಚೀಟಿ ಮರೆಯದೆ ಒಯ್ಯಿರಿ. ಎಷ್ಟೋ ಮಾತ್ರೆಗಳು ಹಸಿವನ್ನು ಕೊಲ್ಲುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ಹಳೆಯ ಪಥ್ಯದ ಬಗ್ಗೆಯೂ ಕೇಳಿ. ತಿನ್ನುವುದೇ ನಾಲ್ಕು ತುತ್ತಾದಾಗ ಉಪ್ಪಿಲ್ಲ, ಎಣ್ಣೆಯಿಲ್ಲ ಎಂಬ ಕಟ್ಟುನಿಟ್ಟು ಎಲ್ಲರಿಗೂ ಬೇಕಾ ಅನ್ನುವುದು ನನ್ನ ಪ್ರಶ್ನೆ.

ಅಪ್ಪನಿಗೆ ಒಂದು ಮಾತ್ರೆ ಬದಲಾಯಿತು, ಹಲ್ಲುಸೆಟ್ಟು ಹೊಸದಾಯಿತು. ಹಸಿವು ಮಾತ್ರ ಮೊದಲಿನಂತೆ ಬಂದಿಲ್ಲ. ರಾತ್ರಿ ಎಂಟಕ್ಕೆ ನಾನೂ ತಟ್ಟೆ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಮಾತಾಡುತ್ತಾ ಮಾತಾಡುತ್ತಾ ಎಂಟು, ಹತ್ತು ತುತ್ತು ಇಳಿಯುತ್ತದೆ. ಉಂಗುರಕ್ಕೆ ದಾರ ಸುತ್ತಿ ಹಾಕಿಕೊಂಡಿದ್ದಾರೆ. ಹೋದ ತಿಂಗಳು ಅದರಲ್ಲಿ ಎರಡು ಸುತ್ತು ಬಿಚ್ಚಿದೆವು.